ಕಿಟಕಿಯಿಂದ ಕೂಗಿದ ಅಂಕಿ

ಜನವರಿ 9

ಅಕ್ಕಾ,

ಫೋನ್ ಮಾಡಬಹುದಿತ್ತು. ಆದರೆ ಕಳೆದ ಚುನಾವಣೆಯ ಫಲಿತಾಂಶದ ದಿನ ನಾವಿಬ್ಬರೂ ಫೋನಿನಲ್ಲಿ ಕಿತ್ತಾಡಿಕೊಂಡ ಮೇಲೆ ಅದರ ಸಹವಾಸವೇ ಬೇಡ ಅನ್ನಿಸಿಬಿಟ್ಟಿದೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ, ದನಿ ಅದಕ್ಕೆ ತಕ್ಕ ಹಾಗೆ ಜೋರಾಗಿದೆ. ಹೆಡ್‌ಮಾಸ್ಟರಾಗಿದ್ದಾಗ ಅವರ ಪಾಠ ಪಕ್ಕದ ತರಗತಿಗೆ ಕೇಳಿಸುತ್ತಿತ್ತು, ಈಗ ಅವರ ಗೊಣಗಾಟ ಕೆಳಗಿನ ಮಹಡಿಗೆ ಕೇಳಿಸುತ್ತದೆ. ನಿನ್ನೆ ಕೆಳಗಿನ ಮನೆಯಾಕೆ ಲಿಫ್ಟಿನಲ್ಲಿ ಸಿಕ್ಕಿ, "ಕಾಫಿಗೆ ಸಕ್ಕರೆ ಸಾಲ್ದಂತಲ್ಲ ನಿಮ್ಮ ತಂದೆಯವರಿಗೆ, ಇನ್ನೊಂದು ಚಮಚ ಹಾಕ್ಬಾರ್ದಾ?" ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಚುನಾವಣೆಯ ಕಂಪ್ಯೂಟರುಗಳನ್ನು ಹೊರಗಿನವರಿಂದ ಕಾಪಾಡಲು ಹೊಸ ಕಾನೂನು ಬರುತ್ತಿದೆ. ಅದರ ಕರಡು ಬರೆಯುವ ಕೆಲಸ ನನ್ನ ಮೇಜಿಗೆ ಬಂದಿದೆ. ಆ ಫಲಿತಾಂಶದ ದಿನ ಬೇರೆ ಯಾವುದೋ ದೇಶದಲ್ಲಿ ಕುಳಿತವರು ಚುನಾವಣಾ ಕಚೇರಿಯ ಕಂಪ್ಯೂಟರಿಗೆ ನುಗ್ಗಿ ದೊಡ್ಡ ಪರದೆಯ ಮೇಲಿನ ಲೆಕ್ಕ ತಿರುಚಿದ್ದು ತನಿಖೆಯಲ್ಲಿ ಖಚಿತವಾಗಿದೆ. ಮೂಲ ಕಾಗದಗಳು ಸರಿ ಇದ್ದವು, ಮರುದಿನ ಎಲ್ಲ ಸರಿಹೋಯಿತು. ಆದರೆ ಅಷ್ಟು ಹೊತ್ತಿಗೆ ಬೀದಿಯಲ್ಲಿ ಕಲ್ಲು ತೂರಾಟ ನಡೆದು ಅಂಗಡಿಗಳ ಗಾಜು ಪುಡಿಯಾಗಿತ್ತು. ಅರ್ಧ ಊರು ಇವತ್ತಿಗೂ ಆ ಫಲಿತಾಂಶವನ್ನು ನಂಬುವುದಿಲ್ಲ. ಈ ಕಾನೂನು ಬೇಕು ಅಕ್ಕ, ಇದನ್ನು ನಾನು ನೌಕರಿಗಾಗಿ ಹೇಳುತ್ತಿಲ್ಲ.

ತೊಂದರೆ ಇರುವುದು ಇಲ್ಲಿ. ಅದೇ ಸಂಜೆ ಹೊರದೇಶದಿಂದ ನಡೆಯುವ ಕೆಲವು ಪುಟಗಳು ಇಂಟರ್ನೆಟ್ಟಿನಲ್ಲಿ ಸುಳ್ಳು ಲೆಕ್ಕ ಹರಡಿದವು. ತನಿಖಾ ವರದಿಯಲ್ಲಿ ಅವುಗಳ ಸಾಲಿನಲ್ಲೇ, ನೀನು ಅಲ್ಲಿಂದ ನಮ್ಮ ಮತಗಳ ಲೆಕ್ಕ ಹಾಕುವ ಪುಟವೂ ಇದೆ. ಹೆಸರು ಹಾಕಿಲ್ಲ, ‘ವಿದೇಶಿ ಪ್ರಜೆಯೊಬ್ಬರು ನಡೆಸುವ ಪುಟ’ ಅಂತಿದೆ. ಅಧಿಕೃತ ಘೋಷಣೆಗೆ ಮುಂಚೆ ಯಾವ ವಿದೇಶಿ ವ್ಯಕ್ತಿಯೂ ಮತಗಳ ಲೆಕ್ಕವನ್ನು ಸಂಗ್ರಹಿಸತಕ್ಕದ್ದಲ್ಲ, ಕೂಡತಕ್ಕದ್ದಲ್ಲ, ಪ್ರಕಟಿಸತಕ್ಕದ್ದಲ್ಲ ಎಂದು ನಾನು ಬರೆಯಬೇಕಾಗಿದೆ. ತಪ್ಪಿದರೆ ಜೈಲು. ನೀನು ಅಲ್ಲಿನ ಪೌರತ್ವ ತೆಗೆದುಕೊಂಡು ವರ್ಷಗಳಾದವು. ಕಾನೂನು ಬಂದ ಮೇಲೂ ಪುಟ ನಡೆಸಿದರೆ, ಅಪ್ಪನನ್ನು ನೋಡಲು ಬಂದವಳನ್ನು ವಿಮಾನ ನಿಲ್ದಾಣದಲ್ಲೇ ಹಿಡಿಯಬಹುದು.

ದಯವಿಟ್ಟು ಆ ಪುಟ ತೆಗೆದುಬಿಡು.

ನಿನ್ನ ತಮ್ಮ


ಫೆಬ್ರವರಿ 3

ಒರೆಸಪ್ಪಾ,

ಈ ಅಡ್ಡಹೆಸರು ಓದಿ ಮುಖ ಸಿಂಡರಿಸಿದ್ದೀಯ, ಇಲ್ಲಿಂದಲೇ ಕಾಣುತ್ತಿದೆ. ನನ್ನನ್ನು ವಿದೇಶಿ ವ್ಯಕ್ತಿ ಅಂದದ್ದಕ್ಕೆ ಇಷ್ಟಾದರೂ ಸಹಿಸಿಕೋ.

ನಿನ್ನ ಕಾಗದ ಬಂದಾಗ ನಾನು ಒಂದು ಹೊಲಿಗೆ ಅಂಗಡಿಗೆ ಬೋರ್ಡು ಬರೆಯುತ್ತಿದ್ದೆ. ಕೈ ಒರೆಸಿಕೊಂಡು ಓದಿದೆ, ಸಿಟ್ಟು ಬಂತು. ಮತ್ತೊಮ್ಮೆ ಓದಿದೆ, ನಗು ಬಂತು. ಆಮೇಲೆ ಶಾಲೆಯ ಜಗಲಿ ಕಣ್ಣಿಗೆ ಕಟ್ಟಿದ ಹಾಗಾಯಿತು.

ನಿನಗೆ ಎಷ್ಟು ನೆನಪಿದೆಯೋ ಕಾಣೆ. ಮತ ಹಾಕುವುದೂ ಎಣಿಸುವುದೂ ಅಪ್ಪನ ಶಾಲೆಯಲ್ಲೇ. ಒಳಗೆ ಅರಗು ಕರಗಿಸುವ ವಾಸನೆ, ಹೊರಗೆ ಅಂಗಳದ ತುಂಬ ಸೈಕಲ್ಲು, ಜನ. ಎಣಿಕೆ ಮುಗಿದ ಮೇಲೆ ಅಪ್ಪ ಕಿಟಕಿಗೆ ಬಂದು ಕನ್ನಡಕ ಸರಿಮಾಡಿಕೊಂಡು ಕೂಗುತ್ತಿದ್ದರು. ಮೊದಲು ಅಂಕಿ ಅಂಕಿ ಬಿಡಿಸಿ, ಆಮೇಲೆ ಇಡೀ ಸಂಖ್ಯೆ. ಜಗಲಿಯಲ್ಲಿ ಸ್ಟೂಲಿನ ಮೇಲೆ ನಿಂತು ಕಪ್ಪು ಹಲಗೆಗೆ ಬರೆಯುವವಳು ನಾನು. ನಾನು "ಬರೆದಾಯ್ತು" ಅನ್ನುವವರೆಗೆ ಅಪ್ಪ ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ. ಜನ ಅಂಗೈ ಮೇಲೆ, ಪೇಪರಿನ ಅಂಚಿನಲ್ಲಿ, ಸಿಗರೇಟು ಪ್ಯಾಕಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಕೆಳಗೆ ಒದ್ದೆ ಬಟ್ಟೆ ಹಿಡಿದು ನಿಂತವನು ನೀನು. ಅಷ್ಟು ಜನ ನನ್ನ ಅಕ್ಷರ ನೋಡುತ್ತಾರೆ ಅನ್ನುವ ಹೆಮ್ಮೆಯೇ ನನ್ನನ್ನು ಬೋರ್ಡು ಬರೆಯುವವಳನ್ನಾಗಿ ಮಾಡಿತು.

ನನ್ನ ಪುಟವೂ ಅದೇ ಕಪ್ಪು ಹಲಗೆ ಕಣೋ. ಅಲ್ಲಿನ ಹಳೆಯ ಸ್ನೇಹಿತರು ತಮ್ಮ ತಮ್ಮ ಮತಗಟ್ಟೆಯ ಬಾಗಿಲಿಗೆ ಅಂಟಿಸಿದ ಲೆಕ್ಕದ ಫೋಟೋ ಕಳಿಸುತ್ತಾರೆ. ನಮ್ಮ ಶಾಲೆಯದನ್ನು ಕಳಿಸುವವಳು ಉದ್ದಜಡೆ, ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು. ನಾನು ಫೋಟೋ ಹಾಕುತ್ತೇನೆ, ಕೂಡುತ್ತೇನೆ, ಅಷ್ಟೇ. ಆ ಸಂಜೆ ನನ್ನ ಲೆಕ್ಕಕ್ಕೂ ನಿಮ್ಮ ಪರದೆಗೂ ತಾಳೆಯಾಗಲಿಲ್ಲ. ನೀನು ಫೋನಿನಲ್ಲಿ ಕೂಗಾಡಿದೆ, ನಾನೂ ಬಿಡಲಿಲ್ಲ. ಯಾರ ಲೆಕ್ಕ ಸರಿ ಇತ್ತು ಅನ್ನುವುದು ಇಬ್ಬರಿಗೂ ಗೊತ್ತು. ಆ ಮಾತು ಇಲ್ಲಿಗೆ ಬಿಡೋಣ.

ಪುಟ ತೆಗೆಯುವುದಿಲ್ಲ.

ಅಕ್ಕ


ಮಾರ್ಚ್ 17

ಅಕ್ಕಾ,

ನಿನ್ನ ಪುಟಕ್ಕೂ ಆ ಸುಳ್ಳು ಪುಟಗಳಿಗೂ ಇರುವ ವ್ಯತ್ಯಾಸ ನನಗೆ ಗೊತ್ತು. ನೀನು ನನ್ನ ಅಕ್ಕ, ಅದಕ್ಕೇ ಗೊತ್ತು. ಆದರೆ ಕಾನೂನಿಗೆ ಹೇಗೆ ಗೊತ್ತಾಗಬೇಕು? ಅವರೂ ಹೊರಗಿನಿಂದಲೇ ನಡೆಸಿದರು, ತಾವೂ ಮತಗಟ್ಟೆಗಳಿಂದಲೇ ತಂದದ್ದು ಅಂದರು, ಅವರ ಪುಟ ನಿನ್ನದಕ್ಕಿಂತ ಚೆಂದವಾಗಿಯೂ ಇತ್ತು. ಒಳ್ಳೆಯ ಉದ್ದೇಶದವರು ಕೂಡಬಹುದು, ಕೆಟ್ಟವರು ಕೂಡಬಾರದು ಅಂತ ಕಾನೂನು ಬರೆದರೆ ಮೊದಲು ನಗುವವರೇ ಕೆಟ್ಟವರು.

ನಮ್ಮ ಕಾರ್ಯದರ್ಶಿ ಮೇಡಂ ಗೊತ್ತಲ್ಲ, ಕನ್ನಡಕಕ್ಕೆ ಸರಪಳಿ ಹಾಕಿಕೊಂಡವರು, ಅಲ್ಪವಿರಾಮ ತಪ್ಪಿದರೂ ಇಡೀ ಹಾಳೆ ವಾಪಸು ಕಳಿಸುವವರು. ಯಾರ ಪುಟ ಅಂತ ಹೇಳದೆ ವಿನಾಯಿತಿಯ ಮಾತು ತೆಗೆದೆ. "ಅವರ ಮುಖಕ್ಕೂ ಇವರ ಮುಖಕ್ಕೂ ವ್ಯತ್ಯಾಸ ಕಾನೂನಿಗೆ ಕಾಣಲ್ಲ ರೀ. ಕಾಣೋ ಹಾಗೆ ಬರೆಯೋಕೆ ಆಗತ್ತಾ? ಆದ್ರೆ ಬರೀರಿ, ಇಲ್ದಿದ್ರೆ ಬಿಡಿ" ಎಂದರು. ನನಗೆ ಬರೆಯಲು ಆಗಲಿಲ್ಲ.

ಇನ್ನೊಂದು ವಿಷಯವಿದೆ. ಕರಡು ಸಾರ್ವಜನಿಕರ ಅಭಿಪ್ರಾಯಕ್ಕೆ ಹೊರಬಂದಿದೆ, ನೀನೇ ಓದುತ್ತೀಯ, ಅದಕ್ಕೆ ಮುಂಚೆ ನಾನೇ ಹೇಳುತ್ತೇನೆ. ಒಂಬತ್ತನೆಯ ಪ್ರಕರಣದ ಪ್ರಕಾರ ಇನ್ನು ಮುಂದೆ ಲೆಕ್ಕವನ್ನು ಬಾಗಿಲಿಗೆ ಅಂಟಿಸುವ ಹಾಗಿಲ್ಲ. ಕೇಂದ್ರದಲ್ಲಿ ಘೋಷಣೆಯಾಗುವವರೆಗೆ ಗೋಪ್ಯ. ಎಷ್ಟು ಕಡಿಮೆ ಜನಕ್ಕೆ ಗೊತ್ತಿದ್ದರೆ ಅಷ್ಟು ಭದ್ರ ಅನ್ನುವುದು ತಜ್ಞರ ವಾದ. ಅದರಲ್ಲೂ ಅರ್ಥವಿದೆ ಅನ್ನಿಸಿತು. ಬರೆದೆ. ಬರೆದ ದಿನದಿಂದ ನಿದ್ದೆ ಸರಿಯಿಲ್ಲ.

ಅಪ್ಪ ಕೆಳಗೆ ಎರಡು ಸಾಲು ಬರೆಯುತ್ತಾರಂತೆ.

ನಿನ್ನ ತಮ್ಮ

ಮಗಳೇ, ಇವನ ಕರಡು ಓದಿದೆ. ವಾಕ್ಯ ಒಂದು ಪುಟದಲ್ಲಿ ಶುರುವಾಯಿತು, ಕ್ರಿಯಾಪದ ಮುಂದಿನ ಪುಟದಲ್ಲಿ ಸಿಕ್ಕಿತು. ಶಾಲೆಯ ಕಿಟಕಿ ಮುಚ್ಚತಕ್ಕದ್ದು ಅಂತ ಬರೆದಿದ್ದಾನೆ ಅಂದುಕೊಂಡೆ. ಒಳಗಿದ್ದವರಿಗೆ ಸೆಕೆಯಾಗುತ್ತದೆ ಅಂತ ಹೇಳಿದೆ, ಅವನು ನಗಲಿಲ್ಲ. ರಜೆಗೆ ಬಾ. — ಅಪ್ಪ


ಏಪ್ರಿಲ್ 2

ಪ್ರೀತಿಯ ಒರೆಸಪ್ಪ,

ಬೈಯಬೇಕು ಅಂತ ಕೂತೆ. ಅಪ್ಪನ ಅಕ್ಷರ ನೋಡಿ ಬೈಗುಳ ಹೊರಡಲಿಲ್ಲ. ಎಷ್ಟು ನಡುಗುತ್ತಿದೆ ಅವರ ಕೈ. ನೀನು ಹೇಳಲೇ ಇಲ್ಲ.

ಬೈಗುಳದ ಬದಲು ಒಂದು ಕತೆ ಹೇಳುತ್ತೇನೆ. ನಿನಗೆ ಈ ಹೆಸರು ಬಂದ ದಿನದ್ದು. ನೀನು ಆಗ ತೀರ ಚಿಕ್ಕವನು, ನಿನಗೆ ನೆನಪಿರುವುದು ನಿನ್ನ ಹೆದರಿಕೆ ಮಾತ್ರ ಇರಬೇಕು.

ಎಲ್ಲ ಅಂಕಿ ಕೂಗಿಯಾಗಿತ್ತು. ಲೆಕ್ಕದ ಹಾಳೆಯನ್ನು ಚೀಲಕ್ಕೆ ಹಾಕಿ ಅರಗಿನ ಮುದ್ರೆ ಒತ್ತಿ, ದೊಡ್ಡ ಕಚೇರಿಯಿಂದ ಬಂದ ಜೀಪಿಗೆ ಹತ್ತಿಸಿ ಕಳಿಸಿಯೂ ಆಗಿತ್ತು. ಅಪ್ಪ ನೀರು ಕುಡಿಯಲು ಒಳಗೆ ಹೋದರು, ನಾನು ಸ್ಟೂಲಿನಿಂದ ಇಳಿದೆ. ದಿನಾ ಪಾಠ ಮುಗಿದ ಮೇಲೆ ಹಲಗೆ ಒರೆಸುವುದು ನಿನ್ನ ಕೆಲಸವಲ್ಲವೇ, ಅವತ್ತೂ ಮುಗಿಯಿತು ಅಂದುಕೊಂಡು ನೀನು ಸ್ಟೂಲು ಹತ್ತಿ ಇಡೀ ಹಲಗೆ ಒರೆಸಿಬಿಟ್ಟೆ. ಮೂಲೆ ಮೂಲೆಯನ್ನೂ ಬಿಡದೆ, ಎಂದೂ ಒರೆಸದಷ್ಟು ಚೊಕ್ಕವಾಗಿ.

ಅಂಗಳದಲ್ಲಿ ಗದ್ದಲ ಎದ್ದಿತು. ಗೆದ್ದವರ ಕಡೆಯವನೊಬ್ಬ, "ಬೇಕಂತಲೇ ಒರೆಸಿದ್ದಾರೆ" ಅಂದ. ಸೋತವರ ಕಡೆಯವನು, "ಈಗ ಜೀಪಲ್ಲಿ ಏನು ಬೇಕಾದ್ರೂ ಬದಲಾಯಿಸ್ತಾರೆ" ಅಂದ. ನೀನು ನನ್ನ ಲಂಗದ ಹಿಂದೆ ಸೇರಿಕೊಂಡೆ, ನನ್ನ ಲಂಗವೂ ಒದ್ದೆ, ನಿನ್ನ ಚಡ್ಡಿಯೂ ಒದ್ದೆ. ಬಟ್ಟೆಯ ನೀರು ಅಂತ ನೀನು ಇವತ್ತಿಗೂ ಸಾಧಿಸುತ್ತೀಯ, ಸಾಧಿಸು.

ಅಪ್ಪ ಹೊರಗೆ ಬಂದರು. ನಿನಗೆ ಏಟು ಬೀಳುತ್ತದೆ ಅಂದುಕೊಂಡೆ. ಅವರು ಹಲಗೆ ನೋಡಿದರು, ನಿನ್ನನ್ನು ನೋಡಿದರು, ಆಮೇಲೆ ಜನರ ಕಡೆ ತಿರುಗಿ, "ಯಾರ್ಯಾರು ಬರ್ಕೊಂಡಿದ್ದೀರಿ? ಹೇಳಿ, ಅವಳು ಬರೀತಾಳೆ" ಅಂದರು. ಕ್ಷೌರದಂಗಡಿಯವನು ಅಂಗೈ ಎತ್ತಿ ಓದಿದ. ಯಾರೋ ಸಿಗರೇಟು ಪ್ಯಾಕು ತಿರುಗಿಸಿ ಓದಿದ. ಗೆದ್ದವರ ಕಡೆಯವನೂ ಸೋತವರ ಕಡೆಯವನೂ ಒಟ್ಟಿಗೇ ಕೂಗಿದರು, ಇಬ್ಬರ ಬಾಯಲ್ಲೂ ಅದೇ ಅಂಕಿ. ಹಲಗೆ ಮೊದಲಿನ ಹಾಗೆ ತುಂಬಿತು. ಜಗಳಕ್ಕೆ ನಿಂತವರು ನಗುತ್ತಾ ಸೈಕಲ್ಲು ಹತ್ತಿದರು. ಮನೆಗೆ ಬರುವಾಗ ಅಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅವತ್ತು ನನಗೆ ಹೊಟ್ಟೆಕಿಚ್ಚಾಗಿತ್ತು.

ನೀನು ಹಲಗೆ ಒರೆಸಿದೆ, ಆದರೆ ಲೆಕ್ಕ ಒರೆಸಿಹೋಗಲಿಲ್ಲ. ಯಾಕೆ ಅಂತ ಯೋಚನೆ ಮಾಡು. ಕಚೇರಿಯ ಪರದೆ ಒರೆಸುವವರು ಮತ್ತೆ ಬರುತ್ತಾರೆ, ನಿನ್ನ ಕಾನೂನಿಗೆ ಹೆದರಿ ಮನೆಯಲ್ಲಿ ಕೂರುವವರಲ್ಲ. ಅವತ್ತು ಅಂಗೈ ಎತ್ತಿ ಓದುವವನು ಯಾರು? ಇನ್ನು ನನಗೂ ಸುಳ್ಳರಿಗೂ ವ್ಯತ್ಯಾಸ ಕೇಳಿದೆಯಲ್ಲ. ನನ್ನ ಪ್ರತಿ ಅಂಕಿಯ ಪಕ್ಕದಲ್ಲೂ ಒಂದು ಬಾಗಿಲಿನ ಫೋಟೋ ಇದೆ. ಅನುಮಾನ ಬಂದವರು ಹೋಗಿ ಬಾಗಿಲು ನೋಡಬಹುದು. ಆ ಸುಳ್ಳರಿಗೆ ತೋರಿಸಲು ಬಾಗಿಲೇ ಇಲ್ಲ. ಬಾಗಿಲಿಗೆ ಏನೂ ಅಂಟಿಸಬೇಡಿ ಅಂದರೆ ನನಗೂ ಇರುವುದಿಲ್ಲ.

ಅಪ್ಪನ ಕೈಯನ್ನು ಡಾಕ್ಟರಿಗೆ ತೋರಿಸು.

ಅಕ್ಕ


ಜೂನ್ 20

ಅಕ್ಕಾ,

ತಡವಾಯಿತು. ಅಪ್ಪನ ಕೈಯನ್ನು ತೋರಿಸಿದ್ದಾಯಿತು, ವಯಸ್ಸಿನ ನಡುಕವಂತೆ. ಡಾಕ್ಟರಿಗೇ ಕೈಬರಹ ತಿದ್ದಿಕೊಳ್ಳಲು ಹೇಳಿ ಬಂದಿದ್ದಾರೆ.

ನಿನ್ನ ಕಾಗದವನ್ನು ಕಚೇರಿಯಲ್ಲಿ ಓದಿದೆ. ಓದಿ ಕಾರಿಡಾರಿನ ಕೊನೆಯ ಕಿಟಕಿಗೆ ಹೋಗಿ ನಿಂತೆ, ಕಣ್ಣಲ್ಲಿ ನೀರು ಬಂದಿತ್ತು, ಯಾರಾದರೂ ಕೇಳಿದರೆ ಧೂಳು ಅನ್ನಬೇಕಿತ್ತು. ಅಪ್ಪನ ಹೆಗಲ ಮೇಲೆ ಕೂತದ್ದು ನನಗೆ ನೆನಪೇ ಇರಲಿಲ್ಲ. ಹೆದರಿಕೆ ಮಾತ್ರ ನೆನಪಿತ್ತು, ನೀನು ಹೇಳಿದ ಹಾಗೆ.

ಒಂಬತ್ತನೆಯ ಪ್ರಕರಣವನ್ನು ಪೂರ್ತಿ ಹೊಡೆದುಹಾಕಿದೆ. ಹೊಸದಾಗಿ ಹೀಗೆ ಬರೆದೆ: ಮತಗಟ್ಟೆಯ ಅಧಿಕಾರಿಯು ಲೆಕ್ಕವನ್ನು ಯಾವುದೇ ಯಂತ್ರದ ಮೂಲಕ ಕಳುಹಿಸುವ ಮುಂಚೆ, ನೆರೆದವರಿಗೆ ಕೇಳಿಸುವಂತೆ ಎರಡು ಸಲ ಓದಿ ಹೇಳತಕ್ಕದ್ದು ಮತ್ತು ಬಾಗಿಲಿಗೆ ಅಂಟಿಸತಕ್ಕದ್ದು. ಅದರ ಕೆಳಗೆ ಒಂದು ‘ಪರಂತು’. ನಮ್ಮ ಕಸುಬಿನಲ್ಲಿ ವಿನಾಯಿತಿ ಕೊಡುವಾಗ ಹಾಗೆ ಶುರುಮಾಡುತ್ತೇವೆ. ಪರಂತು, ಬಾಗಿಲಿಗೆ ಅಂಟಿಸಿರುವ ಲೆಕ್ಕವನ್ನು, ಅದು ಯಾವ ಬಾಗಿಲೆಂದು ತೋರಿಸಿ, ಇದ್ದದ್ದು ಇದ್ದ ಹಾಗೆ ಪ್ರಕಟಿಸುವ ಯಾವ ವ್ಯಕ್ತಿಯೂ ಅಪರಾಧಿಯಲ್ಲ.

ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದ ಒಳ್ಳೆಯ ವಾಕ್ಯ ಅದೊಂದೇ ಅನ್ನಿಸುತ್ತದೆ. ಅಪ್ಪನೂ ಓದಿ, "ಇದ್ರಲ್ಲಿ ಕ್ರಿಯಾಪದ ಬೇಗ ಸಿಕ್ತು" ಎಂದರು.

ಮೇಡಂ ಮುಂದೆ ಇಡುವಾಗ, ಆ ಪುಟ ನಡೆಸುವವಳು ನನ್ನ ಅಕ್ಕ ಅಂತ ಹೇಳಿದೆ. ಅವರು ಕನ್ನಡಕ ಕಳಚಿ ಎದೆಯ ಮೇಲೆ ಇಳಿಬಿಟ್ಟರು.

"ಇದನ್ನ ಯಾವಾಗ ಹೇಳ್ಬೇಕಿತ್ತು ನೀವು?"

"ಫೈಲು ಬಂದ ದಿನ, ಮೇಡಂ."

"ಗೊತ್ತಿದೆಯಲ್ಲ, ಒಳ್ಳೇದಾಯ್ತು." ಹಾಳೆಯನ್ನು ಮತ್ತೊಮ್ಮೆ ಓದಿದರು. "ಬರೆದಿರೋದು ಚೆನ್ನಾಗಿದೆ. ಬರೆದವರು ನೀವಾಗಿರಬಾರದಿತ್ತು."

ಫೈಲನ್ನು ನನ್ನಿಂದ ತೆಗೆದರು. ಈಗ ನಾನು ಚರಂಡಿ ಕಾಯ್ದೆಯ ತಿದ್ದುಪಡಿಯಲ್ಲಿದ್ದೇನೆ. ಆ ಹಾಳೆ ಮೇಡಂ ಹತ್ತಿರವೇ ಉಳಿದಿದೆ. ಹರಿದರೋ ಇಟ್ಟುಕೊಂಡರೋ ಗೊತ್ತಿಲ್ಲ.

ನಿನ್ನ ತಮ್ಮ


ಜುಲೈ 8

ತಮ್ಮಾ,

ಚರಂಡಿಯಾದರೂ ಊರಿಗೆ ಬೇಕಾದದ್ದೇ, ಬೇಜಾರು ಮಾಡಿಕೊಳ್ಳಬೇಡ.

ನನಗಾಗಿ ನೀನು ಮೇಜು ಕಳೆದುಕೊಂಡೆ. ಅಳುವುದು ಬಿಟ್ಟು ಬೇರೇನೂ ತೋಚಲಿಲ್ಲ, ಅತ್ತುಬಿಟ್ಟೆ. ಅಪ್ಪನಿಗೆ ಹೇಳಬೇಡ. ಸಂಜೆ ಒಂದು ಗಾಜಿನಂಗಡಿಯ ಬೋರ್ಡಿನಲ್ಲಿ ಅಕ್ಷರ ತಪ್ಪು ಬರೆದು ಒರೆಸಿ ಮತ್ತೆ ಬರೆದೆ. ಒರೆಸುವಾಗ ನೀನೇ ಪಕ್ಕದಲ್ಲಿ ನಿಂತ ಹಾಗಿತ್ತು.

ಏನಾಯಿತು ಅಂತ ತಿಳಿದ ಕೂಡಲೇ ಬರಿ.

ಅಕ್ಕ


ಸೆಪ್ಟೆಂಬರ್ 25

ಅಕ್ಕಾ,

ಕಾನೂನು ಪಾಸಾಯಿತು. ರಜೆ ಹಾಕಿ ಸದನದ ಮೇಲಿನ ಗ್ಯಾಲರಿಯಲ್ಲಿ ಕೂತು ಕೇಳಿದೆ.

ಮೇಡಂ ಹಾಳೆ ಹರಿದಿರಲಿಲ್ಲ. ಒಂದು ಅಲ್ಪವಿರಾಮ ಸರಿಮಾಡಿ ಮುಂದಕ್ಕೆ ಕಳಿಸಿದ್ದರು. ಸಮಿತಿಯಲ್ಲಿ ವಾದಿಸಿದವರೂ ಅವರೇ ಅಂತೆ. ಎರಡು ಸಲ ಓದತಕ್ಕದ್ದು ಉಳಿಯಿತು. ಬಾಗಿಲಿಗೆ ಅಂಟಿಸತಕ್ಕದ್ದು ಉಳಿಯಿತು. ಪರಂತು ಉಳಿಯಿತು. ಅದರಲ್ಲಿ ಒಂದು ಪದ ಮಾತ್ರ ಸಮಿತಿಯವರು ಬದಲಾಯಿಸಿದರು. ‘ಯಾವ ವ್ಯಕ್ತಿಯೂ’ ಅಂತ ನಾನು ಬರೆದದ್ದು ‘ಈ ದೇಶದ ಯಾವ ಪ್ರಜೆಯೂ’ ಅಂತ ಆಗಿದೆ.

ಹೊರಗಿನವರ ಕೈ ತಡೆಯಲು ತಂದ ಕಾನೂನಿನಲ್ಲಿ ಹೊರಗಿನವರಿಗೇ ವಿನಾಯಿತಿ ಕೊಡುವುದು ಹೇಗೆ ಎಂದು ಒಬ್ಬ ಸದಸ್ಯರು ಕೇಳಿದರಂತೆ. ಉದ್ದಜಡೆ ನಡೆಸಬಹುದು, ನಾನು ನಡೆಸಬಹುದು, ಕೆಳಗಿನ ಮನೆಯಾಕೆಯೂ ನಡೆಸಬಹುದು. ನೀನು ನಡೆಸುವ ಹಾಗಿಲ್ಲ.

ಇದನ್ನು ಹೇಗೆ ಬರೆಯಲಿ ಅಂತ ಮೂರು ಹಾಳೆ ಹಾಳುಮಾಡಿದೆ.

ನಿನ್ನ ತಮ್ಮ


ಅಕ್ಟೋಬರ್ 14

ತಮ್ಮಾ,

ಪುಟವನ್ನು ಉದ್ದಜಡೆಗೆ ಒಪ್ಪಿಸಿದೆ. ಬೀಗದ ಕೈ, ಎಲ್ಲರ ವಿಳಾಸ, ಕೂಡುವ ಕ್ರಮ, ಎಲ್ಲ. ಅವಳೀಗ ಜಡೆ ಕತ್ತರಿಸಿಕೊಂಡಿದ್ದಾಳೆ, ಹೆಸರು ಮಾತ್ರ ಉಳಿದಿದೆ. "ನಿನ್ನಷ್ಟು ದುಂಡಗೆ ಬರಲ್ಲ ಕಣೆ ನಂಗೆ" ಅಂದಳು. ಕಂಪ್ಯೂಟರಿನಲ್ಲಿ ಎಲ್ಲರ ಅಕ್ಷರವೂ ಒಂದೇ ಅಂದೆ.

ಆ ಸದಸ್ಯರು ಕೇಳಿದ್ದರಲ್ಲಿ ತಪ್ಪಿಲ್ಲ. ಇಲ್ಲಿ ಅಂಗಡಿ ನನ್ನ ಹೆಸರಿನಲ್ಲಿ ಇರಲಿ ಅಂತ ನಾನೇ ಈ ಪೌರತ್ವ ತೆಗೆದುಕೊಂಡವಳು, ಯಾರೂ ಬಲವಂತ ಮಾಡಲಿಲ್ಲ. ಹೊರಗಿನವಳು ಅನ್ನುವುದು ನಿಜ. ನಿಜವಾದರೂ ನೋಯುತ್ತದೆ. ಫಲಿತಾಂಶದ ಸಂಜೆ ಬಂದರೆ ನನಗೆ ಜಗಲಿಯ ಮೇಲೆ ನಿಂತ ಹಾಗಿರುತ್ತಿತ್ತು. ಊರು ಬಿಟ್ಟೆ ಅನ್ನುವುದು ಆ ಒಂದು ಸಂಜೆ ಮರೆತುಹೋಗುತ್ತಿತ್ತು. ಇನ್ನು ಮೇಲೆ ಅದಿಲ್ಲ.

ನೀನು ಬರೆದ ಕಾನೂನು ಒಳ್ಳೆಯದು. ಕಿಟಕಿ ತೆರೆದಿಟ್ಟೆ. ಸ್ಟೂಲಿನಿಂದ ನಾನು ಇಳಿದೆ, ಅಷ್ಟೇ.

ಅಕ್ಕ


ಮರುವರ್ಷ, ಏಪ್ರಿಲ್ 24

ಅಕ್ಕಾ,

ಚುನಾವಣೆ ಮುಗಿಯಿತು. ಅಪ್ಪ ಹಟ ಹಿಡಿದರು, ಎಣಿಕೆಯ ಸಂಜೆ ಕರೆದುಕೊಂಡು ಹೋದೆ. ಶಾಲೆಗೆ ಹೊಸ ಬಣ್ಣ ಬಂದಿದೆ, ಕಿಟಕಿಗೆ ಕಬ್ಬಿಣದ ಜಾಲರಿ ಬಂದಿದೆ. ಅಂಗಳದಲ್ಲಿ ಸೈಕಲ್ಲುಗಳಿಲ್ಲ, ಜನ ಮಾತ್ರ ಹಾಗೆಯೇ. ಅಪ್ಪನಿಗೆ ಕುರ್ಚಿ ಹಾಕಿಸಿದೆ. ಉದ್ದಜಡೆ ಬಾಗಿಲ ಹತ್ತಿರ ಫೋನು ಹಿಡಿದು ಸಿದ್ಧವಾಗಿದ್ದಳು.

ಮತಗಟ್ಟೆಯ ಅಧಿಕಾರಿ ಒಬ್ಬ ಚಿಕ್ಕ ವಯಸ್ಸಿನ ಟೀಚರು, ಸಣ್ಣ ದನಿ. ಕಿಟಕಿಗೆ ಬಂದು ಓದಿದರು, ಯಾರಿಗೂ ಕೇಳಿಸಲಿಲ್ಲ. ಎರಡನೇ ಸಲಕ್ಕೆ ಅಪ್ಪ ಕುರ್ಚಿಯಿಂದಲೇ, "ಅಂಕಿ ಅಂಕಿ ಬಿಡಿಸಿ ಓದಮ್ಮ, ಗಡಿಬಿಡಿ ಬೇಡ" ಎಂದರು. ಆಕೆ ಬಿಡಿಸಿ ಓದಿದರು. ಕಿವಿ ಕೇಳದ ಮನುಷ್ಯ ಹೇಗೆ ಕೇಳಿಸಿಕೊಂಡರೋ, ಆಕೆಯ ತುಟಿ ನೋಡುತ್ತಿದ್ದರು ಅಂತ ಕಾಣುತ್ತದೆ, ಅದನ್ನೇ ಅಂಗಳಕ್ಕೆಲ್ಲ ಕೇಳುವ ಹಾಗೆ ತಿರುಗಿ ಕೂಗಿದರು. ಎಲ್ಲರೂ ಬರೆದುಕೊಂಡರು, ಕೆಲವರು ಅಂಗೈ ಮೇಲೆಯೇ.

ಆ ಸಂಜೆ ಕಚೇರಿಯ ಪರದೆ ಮತ್ತೆ ಕೆಟ್ಟಿತು. ಹೊರಗಿನಿಂದ ಮತ್ತೆ ನುಗ್ಗಿದ್ದರು, ನೀನು ಹೇಳಿದ ಹಾಗೆಯೇ. ಅಂಕಿಗಳು ಹುಚ್ಚುಹುಚ್ಚಾಗಿ ಬದಲಾದವು. ಬೀದಿಯಲ್ಲಿ ಒಂದು ಕಲ್ಲೂ ಬೀಳಲಿಲ್ಲ ಅಕ್ಕ. ಜನ ತಮ್ಮ ತಮ್ಮ ಶಾಲೆಯ ಬಾಗಿಲು ನೋಡಿದರು, ಉದ್ದಜಡೆಯ ಪುಟ ನೋಡಿದರು, ಪರದೆಯನ್ನು ನೋಡಿ ನಕ್ಕು ಮನೆಗೆ ಹೋದರು.

ಶಾಲೆಯಲ್ಲಿ ಕೂಗಿ ಮುಗಿಸಿದ ಮೇಲೂ ಅಪ್ಪ ಕುರ್ಚಿ ಬಿಟ್ಟು ಏಳಲಿಲ್ಲ. ಜಗಲಿಯ ಕಡೆಗೆ, ನೀನು ನಿಲ್ಲುತ್ತಿದ್ದ ಜಾಗಕ್ಕೆ ನೋಡುತ್ತಿದ್ದರು. ಏನಕ್ಕೆ ಕಾಯುತ್ತಿದ್ದಾರೆ ಅಂತ ತಡವಾಗಿ ಹೊಳೆಯಿತು. ಹತ್ತಿರ ಬಗ್ಗಿ, "ಬರೆದಾಯ್ತು ಅಪ್ಪ" ಎಂದೆ.

"ನೀನು ಹೇಳೋದಲ್ಲ ಅದು. ಅವಳಿಗೆ ಬರಿ" ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಅಧಿಕೃತ ಘೋಷಣೆ ಮೊನ್ನೆಯೇ ಆಗಿದೆ. ತಮ್ಮನು ಅಕ್ಕನಿಗೆ ಅಂಚೆಯಲ್ಲಿ ತಿಳಿಸತಕ್ಕದ್ದಲ್ಲ ಅಂತ ಯಾವ ಪ್ರಕರಣದಲ್ಲೂ ಇಲ್ಲ, ನಾನೇ ಹುಡುಕಿ ನೋಡಿದೆ. ನಮ್ಮ ಶಾಲೆಯಲ್ಲಿ ಬಿದ್ದ ಒಟ್ಟು ಮತ: ಆರು, ಒಂದು, ಏಳು. ಆರುನೂರ ಹದಿನೇಳು.

ನಿನ್ನ ಒರೆಸಪ್ಪ


ಮೇ 11

ಒರೆಸಪ್ಪಾ,

ಅಂಗಡಿಯ ಗೋಡೆಗೆ ಒಂದು ಕಪ್ಪು ಹಲಗೆ ಇದೆ, ಗಿರಾಕಿಗಳ ಬೋರ್ಡಿನ ಅಳತೆ ಬರೆಯಲು. ಅಳತೆಗಳನ್ನೆಲ್ಲ ಒರೆಸಿ ಸೀಮೆಸುಣ್ಣ ತೆಗೆದುಕೊಂಡೆ. ಸ್ಟೂಲು ಬೇಕಿರಲಿಲ್ಲ, ಆದರೂ ಹಾಕಿಕೊಂಡು ಹತ್ತಿದೆ. ಒಬ್ಬ ಗಿರಾಕಿ ಬಂದು ಇದೇನು ಬೆಲೆಯಾ ಅಂತ ಕೇಳಿದ. ನಮ್ಮೂರಿನ ಮತ ಅಂದೆ, ಅವನಿಗೆ ಅರ್ಥವಾಗಲಿಲ್ಲ.

ಜೂನ್ ಮೊದಲ ವಾರ ಬರುತ್ತಿದ್ದೇನೆ, ಟಿಕೆಟ್ಟು ತೆಗೆದಾಯಿತು. ವಿಮಾನ ನಿಲ್ದಾಣದಲ್ಲಿ ಹಿಡಿಯುವವರು ಯಾರೂ ಇರುವುದಿಲ್ಲವಲ್ಲ, ನೀನೇ ಬಂದು ಹಿಡಿದುಕೊಂಡು ಹೋಗು.

ಈ ಕೊನೆಯ ಸಾಲನ್ನು ಅಪ್ಪನ ಕಿವಿಯ ಹತ್ತಿರ ಜೋರಾಗಿ ಓದಿ ಹೇಳು. ಕೆಳಗಿನ ಮನೆಯಾಕೆಗೆ ಕೇಳಿಸಿದರೂ ಪರವಾಗಿಲ್ಲ.

ಆರುನೂರ ಹದಿನೇಳು. ಬರೆದಾಯ್ತು, ಅಪ್ಪ.

ಅಕ್ಕ